ಅಂಬಾಸಡರ್ ಎಂಜಿನ್ನಿನ ಎಣ್ಣೆ ಸೋರಿಕೆ

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಸಂತತಿಯಾದ ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ನಮ್ಮ ದೊಡ್ಡಬಳ್ಳಾಪುರದ ಕಡೆ ಅದನ್ನು ಉಳಿಸಿಕೊಂಡವರಿಗೆ ಎಣ್ಣೆ ಸೋರಿಕೆಯೇ ಚಿಂತೆ.

ಎಣ್ಣೆ ತೊಟ್ಟಿಕ್ಕುವ ಸ್ಥಳವೇ ಸೋರುವ ಸ್ಥಳವೆಂದು ತಿಳಿಯಬಾರದು. ಎಣ್ಣೆ ಕೆಳಕ್ಕಿಳಿಯುತ್ತದೆ, ಕಾರು ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಆದುದರಿಂದ ಎಂಜಿನ್ನನ್ನು ತೊಳೆದು, ಒಣಗಿಸಿ, ತುಸು ದೂರ ಓಡಿಸಿ, ಎಲ್ಲಕ್ಕಿಂತ ಮೇಲೆ, ಮುಂದೆ ಒದ್ದೆಯಾದೆಡೆಯನ್ನು ಗುರುತಿಸಬೇಕು.

ಪ್ಯಾಕಿಂಗ್ ಬದಲಿಸುವ ಮುನ್ನ ಬ್ರೀದರ್ ಕೊಳವೆಯನ್ನು ಪರೀಕ್ಷಿಸಿರಿ. ಅದು ಕಟ್ಟಿಕೊಂಡಿದ್ದರೆ ಒಳಗೆ ಒತ್ತಡವೇರಿ ಹೊಸ ಪ್ಯಾಕಿಂಗೂ ಸೋರುತ್ತದೆ. ಟ್ಯಾಪೆಟ್ ಕವರಿನ ನಟ್ಟನ್ನು ಅತಿಯಾಗಿ ಬಿಗಿದರೆ ಕಾರ್ಕ್ ಪ್ಯಾಕಿಂಗ್ ಹಾಳಾಗುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಹಿಂಬದಿಗೆ ರಬ್ಬರ್ ಸೀಲ್ ಇಲ್ಲ. ತಿರುಗುವಾಗ ಸುರುಳಿಗೆರೆಯೊಂದು ಎಣ್ಣೆಯನ್ನು ಒಳಕ್ಕೆ ಮರಳಿಸುತ್ತದೆ. ನಿಂತಾಗ ಅಲ್ಲಿಂದ ಒಂದೆರಡು ಹನಿ ಬಿದ್ದರೆ ಗಾಬರಿ ಬೇಡ.

ಮೂಲವರಿಯದೆ ಎಂಜಿನ್ ಬಿಚ್ಚಿಸಿದರೆ ಕಾಸೂ ಹೋದೀತು, ಸೋರಿಕೆಯೂ ಉಳಿದೀತು. ಎಣ್ಣೆ ತೀರಿದರೆ ಬೇರಿಂಗೇ ಕೆಟ್ಟೀತು. ಅಳತೆಕಡ್ಡಿಯನ್ನು ದಿನವೂ ನೋಡುವುದು ಲೇಸು.