ಎಐ ಏಜೆಂಟ್‌ಗೆ ಕೆಲಸ ಒಪ್ಪಿಸುವ ಮುನ್ನ

ನನ್ನದು ಒಬ್ಬನೇ ನಡೆಸೋ ಅಣಬೆ ಘಟಕ. ಬೆಳೆಯೋದು, ಪ್ಯಾಕಿಂಗ್, ವಾಟ್ಸಾಪ್ ಆರ್ಡರ್, ಬಾಕಿ ವಸೂಲಿ ಎಲ್ಲಾ ನಾನೇ. ಹಾಗಾಗಿ ಲೆಕ್ಕದ ಕೆಲಸವನ್ನು ಎಐ ಏಜೆಂಟ್‌ಗೆ ಒಪ್ಪಿಸಿದೆ. ನಾವು ಕೇಳಿದಾಗ ಉತ್ತರ ಕೊಡೋದಷ್ಟೇ ಅಲ್ಲ, ಗೊತ್ತುಮಾಡಿದ ಹೊತ್ತಿಗೆ ತಾನೇ ಶುರುವಾಗಿ ಆರ್ಡರ್ ಶೀಟ್ ಓದಿ ಕೆಲಸ ಮುಗಿಸಿಡುತ್ತೆ.

ಬೆಳಗ್ಗೆ 6ಕ್ಕೆ ಕೊಯ್ಲಿನ ಪಟ್ಟಿ ಬರಲಿ ಅಂತ ಇಟ್ಟಿದ್ದೆ. ಬಂದದ್ದು 11.30ಕ್ಕೆ! ಅಷ್ಟರಲ್ಲಿ ಅಂದಾಜಿನ ಮೇಲೆ ಕೊಯ್ದಾಗಿತ್ತು, 4 ಕೆಜಿ ಉಳೀತು. ಆಯ್ಸ್ಟರ್ ಅಣಬೆ ಇಟ್ಟು ಮಾರೋ ಪದಾರ್ಥ ಅಲ್ಲ. ಕಾರಣ ಇಷ್ಟೇ: ಸರ್ವರ್ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ಬೆಳಗಿನ 6 ಬೇಕಂದ್ರೆ ಅಲ್ಲಿ 00:30 ಹಾಕಬೇಕು, ಇಲ್ಲವೇ ಟೈಮ್‌ಝೋನ್‌ನಲ್ಲಿ ಭಾರತದ್ದನ್ನು ಆರಿಸಬೇಕು.

ಇದು ಸಣ್ಣ ಪೆಟ್ಟು. ದೊಡ್ಡದು ಬಾಕಿ ನೆನಪಿಸೋ ಏಜೆಂಟ್‌ನಿಂದ ಬಿತ್ತು. ಅದು ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಶುರುವಾಯ್ತು, ಒಂದೇ ಮೆಸೇಜ್ ಎರಡು ಸಲ ಹೋಯ್ತು. ಅದೂ ದುಡ್ಡು ಕೈಗೇ ಕೊಟ್ಟಿದ್ದ ಒಬ್ಬ ಅಜ್ಜಿಗೆ. ಶೀಟಿಗೆ ನಾನೇ ಬರೆದಿರಲಿಲ್ಲ. 'ಏನಪ್ಪಾ, ನಾನು ದುಡ್ಡು ಕೊಟ್ಟಿಲ್ವಾ?' ಅಂತ ಫೋನ್ ಮಾಡಿದ್ರು. ಆಮೇಲೆ ಅವರ ಆರ್ಡರ್ ಬಂದಿಲ್ಲ.

ಈಗ ನಗದು ಬಂದ ಕೂಡಲೇ ಶೀಟಿಗೆ ಏರಿಸ್ತೀನಿ. 'ಕಳಿಸಿದೆ' ಅನ್ನೋ ಕಾಲಂ ಸೇರಿಸಿದ್ದೀನಿ. ಅದು ತುಂಬಿದ್ರೆ ಆ ಹೆಸರನ್ನು ಏಜೆಂಟ್ ಮುಟ್ಟಲ್ಲ. ದುಡ್ಡಿನ ಮೆಸೇಜನ್ನು ಅದು ಬರೆದಿಡುತ್ತೆ ಅಷ್ಟೇ. ರಾತ್ರಿ ಊಟ ಆದ್ಮೇಲೆ ಒಂದೊಂದೇ ಓದಿ ಕಳಿಸೋದು ನಾನು. ಹತ್ತು ನಿಮಿಷ ಸಾಕು.