ಸಮಾಸದ ಸಂದಿ ಮತ್ತು ಅಕ್ಷರದ ಗಡಿ: ತಾಳವಾಡಿಯ ಕೆಲವು ಪದಗಳು

ಸಮಾಸವನ್ನು ವಿಗ್ರಹಿಸುವುದು ಮತ್ತು ಪದ್ಯಕ್ಕೆ ಪ್ರಸ್ತಾರ ಹಾಕುವುದು ಇವೆರಡನ್ನೂ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಬೇರೆ ಬೇರೆ ಪಾಠಗಳಾಗಿ ಕಲಿಯುತ್ತಾರೆ. ಒಂದಕ್ಕೆ ಕೇಶಿರಾಜನ ‘ಶಬ್ದಮಣಿದರ್ಪಣ’ ಆಧಾರ, ಇನ್ನೊಂದಕ್ಕೆ ನಾಗವರ್ಮನ ‘ಛಂದೋಂಬುಧಿ’. ಎರಡೂ ಪದವನ್ನು ಬಿಡಿಸುವ ಕ್ರಮಗಳೇ. ಆದರೆ ವಿಗ್ರಹವು ಅರ್ಥವನ್ನು ಅನುಸರಿಸುತ್ತದೆ. ಅಕ್ಷರವಿಭಜನೆಯು ಉಚ್ಚಾರಣೆಯನ್ನು ಅನುಸರಿಸುತ್ತದೆ. ಆದುದರಿಂದ ಇವೆರಡರ ಗಡಿಗಳು ಯಾವಾಗಲೂ ಒಂದೇ ಕಡೆ ಬೀಳುವುದಿಲ್ಲ. ಈ ಭೇದವನ್ನು ತಾಳವಾಡಿ ಬೆಟ್ಟಸೀಮೆಯ ಪದಗಳಲ್ಲಿಯೇ ಪರಿಶೀಲಿಸಬಹುದು.

ಸತ್ಯಮಂಗಲದ ಕಡೆಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಏರಿದರೆ ಈ ಸೀಮೆ ತೆರೆದುಕೊಳ್ಳುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಇಲ್ಲಿ ಮನೆಮಾತು ಬಹುಮಟ್ಟಿಗೆ ಕನ್ನಡ, ಆಡಳಿತಭಾಷೆ ತಮಿಳು.

ನಟ ರಾಜ್‌ಕುಮಾರ್ ಅವರ ಊರೆಂದು ನಾಡಿಗೆಲ್ಲ ಪರಿಚಿತವಾದ ‘ದೊಡ್ಡಗಾಜನೂರು’ ಎಂಬ ಹೆಸರನ್ನು ತೆಗೆದುಕೊಳ್ಳೋಣ. ಅರ್ಥದ ದೃಷ್ಟಿಯಿಂದ ಇದು ದೊಡ್ಡ + ಗಾಜನ + ಊರು. ‘ಗಾಜನ’ದ ಕೊನೆಯ ಅಕಾರ ಲೋಪವಾಗಿ ನಕಾರವು ಊಕಾರವನ್ನು ಸೇರಿದೆ. ಮಾತ್ರೆ ಎಣಿಸಿದರೆ ದೊಡ್ಡ | ಗಾಜ | ನೂರು ಎಂದು ಮೂರು ಮಾತ್ರೆಗಳ ಮೂರು ಗಣಗಳು ಸಿಗುತ್ತವೆ. ಮೊದಲನೆಯ ಗಡಿ ಎರಡರಲ್ಲಿಯೂ ಒಂದೇ. ಎರಡನೆಯ ಸಂದಿಯಾದರೋ ‘ನೂ’ ಎಂಬ ಒಂದೇ ಅಕ್ಷರದ ಒಳಗೆ ಅಡಗಿದೆ. ಅರ್ಥ ಬೇರೆಯಾಗುವಲ್ಲಿ ಧ್ವನಿ ಒಂದಾಗಿದೆ.

ಇದಕ್ಕೆ ವಿರುದ್ಧವಾದ ನಿದರ್ಶನ ‘ಹೆಮ್ಮರ’. ‘ಹಿರಿದು’ ಎಂಬುದು ‘ಹೆರ್’ ಆಗಿ, ರಕಾರವು ಮುಂದಿನ ಮಕಾರಕ್ಕೆ ಸಮನಾಗಿ ಈ ಕರ್ಮಧಾರಯ ರೂಪುಗೊಂಡಿದೆ. ನುಡಿಯುವಾಗ ಹೆಮ್ - ಮ - ರ ಎಂದೇ ಒಡೆಯುತ್ತೇವೆ. ಅರ್ಥದ ಸಂದಿಯೂ ಅಲ್ಲಿಯೇ ಇದೆ. ಆದರೆ ಲಿಪಿಯು ‘ಮ್ಮ’ ಎಂದು ಎರಡನ್ನೂ ಒತ್ತಕ್ಷರದಲ್ಲಿ ಬೆಸೆದುಬಿಡುತ್ತದೆ.

ನಾರ್ವೆಯ ಭಾಷೆಯ ರೂಢಿ ಇಲ್ಲಿ ಹೋಲಿಕೆಗೆ ಒದಗುತ್ತದೆ. ಅಲ್ಲಿ ಮಗುವನ್ನು ಸೂಚಿಸುವ ‘ಬಾರ್ನೆ’ ಮತ್ತು ತೋಟ ಎಂಬರ್ಥದ ‘ಹಾಗೆ’ ಕೂಡಿ ‘ಬಾರ್ನೆಹಾಗೆ’, ಅಂದರೆ ಶಿಶುವಿಹಾರ. ಸಾಲಿನ ಕೊನೆಯಲ್ಲಿ ಇಂಥ ಪದವನ್ನು ಮುರಿಯಬೇಕಾದರೆ ಘಟಕಪದಗಳ ನಡುವೆಯೇ ಮುರಿಯುತ್ತಾರೆ. ಒಂದೊಂದು ಧ್ವನಿಗೂ ಪ್ರತ್ಯೇಕ ಅಕ್ಷರವಿರುವ ರೋಮನ್ ಲಿಪಿಗೆ ಇದು ಸುಲಭ. ಸ್ವರವ್ಯಂಜನಗಳನ್ನು ಕೂಡಿಸಿ ಬರೆಯುವ ಕನ್ನಡದಲ್ಲಿ ‘ಗಾಜನೂರು’ ಪದವನ್ನು ಹಾಗೆ ಮುರಿಯಲಾಗದು. ಸಂದಿಯನ್ನು ಕಣ್ಣಿನಿಂದಲ್ಲ, ವ್ಯಾಕರಣದಿಂದ ಕಾಣಬೇಕು.

ನೆರೆಯ ತಮಿಳಿನೊಡನೆ ಹೋಲಿಸಿದರೆ ಇನ್ನೊಂದು ಸಂಗತಿ ಸ್ಪಷ್ಟವಾಗುತ್ತದೆ. ಮಳೆ + ಕಾಲ ಕನ್ನಡದಲ್ಲಿ ‘ಮಳೆಗಾಲ’, ಇದು ಆದೇಶಸಂಧಿ. ತಮಿಳಿನಲ್ಲಿ ಅದೇ ಜೋಡಿ ‘ಮೞೈಕ್ಕಾಲಂ’. ಕನ್ನಡವು ಉತ್ತರಪದದ ಕಕಾರವನ್ನು ಗಕಾರವಾಗಿಸಿದರೆ ತಮಿಳು ಅದನ್ನು ದ್ವಿತ್ವವಾಗಿಸುತ್ತದೆ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಿರುವುದರಿಂದ ಕನ್ನಡದ ಆದೇಶಸಂಧಿ ಆ ಲಿಪಿಯಲ್ಲಿ ಕಾಣುವುದೇ ಇಲ್ಲ. ಎರಡು ಲಿಪಿಗಳನ್ನೂ ಬಲ್ಲ ತಾಳವಾಡಿಯ ವಿದ್ಯಾರ್ಥಿ ಈ ವ್ಯತ್ಯಾಸವನ್ನು ಬೇರೆಯವರಿಗಿಂತ ಬೇಗ ಗುರುತಿಸಬಲ್ಲನು.

ಈ ಅರಿವು ಪರೀಕ್ಷೆಗೆ ಮಾತ್ರ ಸೀಮಿತವಲ್ಲ. ಮಲ್ಲಿಕಾರ್ಜುನಸ್ವಾಮಿಯ ಕ್ಷೇತ್ರವಾದ ‘ಕೊಂಗಹಳ್ಳಿ’ ಆಡುಮಾತಿನಲ್ಲಿ ‘ಕೊಂಗಳ್ಳಿ’. ಮೊದಲ ರೂಪದಲ್ಲಿ ಆರು ಮಾತ್ರೆಗಳು, ಎರಡನೆಯದರಲ್ಲಿ ಐದು. ಹಕಾರ ಬಿದ್ದುಹೋದುದರಿಂದ ‘ಹಳ್ಳಿ’ ಎಂಬ ಉತ್ತರಪದ ಮರೆಯಾಯಿತು. ಹಳಗನ್ನಡದ ‘ಪಳ್ಳಿ’ ಹೊಸಗನ್ನಡದಲ್ಲಿ ‘ಹಳ್ಳಿ’ಯಾಯಿತು, ತಮಿಳಿನಲ್ಲಿ ಪಕಾರ ಹಾಗೆಯೇ ಉಳಿಯಿತು. ಎಂದರೆ ಆ ಹಕಾರವೇ ಊರ ಹೆಸರಿನ ಕನ್ನಡತನಕ್ಕೆ ಸಾಕ್ಷಿ. ಫಲಕ, ದಾಖಲೆಗಳಲ್ಲಿ ಅದು ಬಿಟ್ಟುಹೋದರೆ ಹೆಸರು ಉಳಿದರೂ ಅದರ ವ್ಯಾಕರಣ ಅಳಿಯುತ್ತದೆ. ವಿಗ್ರಹವಾಕ್ಯ ಬಲ್ಲವರು ಮಾತ್ರ ಅದನ್ನು ಮರಳಿ ಸ್ಥಾಪಿಸಬಲ್ಲರು.

ಅಭ್ಯಾಸ: ಹಾಸನೂರು, ಹೆದ್ದಾರಿ, ಮುಂಗಾರು, ಬೆಟ್ಟದಾವರೆ ಈ ನಾಲ್ಕು ಪದಗಳನ್ನು ಮೊದಲು ವಿಗ್ರಹಿಸಿ, ಅನಂತರ ಲಘುಗುರುಗಳನ್ನು ಗುರುತಿಸಿರಿ. ಎರಡು ಗಡಿಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಬರೆಯಿರಿ. ಬಳಿಕ ನಿಮ್ಮ ನಿಮ್ಮ ಊರಿನ ಹೆಸರನ್ನು ಹಿರಿಯರ ಬಾಯಿಂದ ಕೇಳಿ, ಅದನ್ನೂ ಇದೇ ಕ್ರಮದಲ್ಲಿ ಬಿಡಿಸಿ ನೋಡಿರಿ.