ಛಾಯಾಚಿತ್ರಕಾರ ರಿಚರ್ಡ್ ಆವೆಡನ್

ಚಿತ್ರ ತೆಗೆಸಿಕೊಳ್ಳಲು ನಿಂತಾಗ ನಾವೆಲ್ಲರೂ ಸ್ವಲ್ಪಮಟ್ಟಿಗೆ ಬೇರೆಯವರಾಗಿಬಿಡುತ್ತೇವೆ. ತಲೆಯನ್ನು ಬಾಚಿಕೊಳ್ಳುತ್ತೇವೆ, ಅಂಗಿಯ ಕಾಲರನ್ನು ಸರಿಪಡಿಸಿಕೊಳ್ಳುತ್ತೇವೆ, ಅದುವರೆಗೆ ಇಲ್ಲದ ನಗೆಯೊಂದನ್ನು ತುಟಿಯ ಮೇಲೆ ತಂದುಕೊಳ್ಳುತ್ತೇವೆ. ವರ್ಷದ ಕೊನೆಯಲ್ಲಿ ತರಗತಿಯ ಚಿತ್ರವು ಕೈಗೆ ಬಂದಾಗ, "ಇದು ನಾನಲ್ಲವೇ ಅಲ್ಲ!" ಎಂದು ಮುಖ ಸಿಂಡರಿಸುವವರು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಹಾಗಾದರೆ ಆ ಚಿತ್ರದಲ್ಲಿರುವುದು ಯಾರು? ಮುಖವನ್ನು ಚೆಲುವಾಗಿ ಕಾಣಿಸುವುದು ಛಾಯಾಚಿತ್ರಕಾರನ ಕೆಲಸವೋ, ಇದ್ದುದನ್ನು ಇದ್ದಂತೆ ಕಾಣಿಸುವುದೋ? ಈ ಪ್ರಶ್ನೆಯನ್ನು ಅರವತ್ತು ವರ್ಷಗಳ ಕಾಲ ಹೊತ್ತು ನಡೆದವನು ಅಮೆರಿಕದ ರಿಚರ್ಡ್ ಆವೆಡನ್. ಚೆಲುವನ್ನು ಚಿತ್ರಿಸಿ ಅನ್ನ ಸಂಪಾದಿಸಿದವನೂ ಆತನೇ. ಚೆಲುವಿನ ಮುಸುಕನ್ನು ಎಳೆದುಹಾಕಿ ಹಲವರ ಕೋಪಕ್ಕೆ ಗುರಿಯಾದವನೂ ಆತನೇ.

ಆವೆಡನ್ ಹುಟ್ಟಿದ್ದು ೧೯೨೩ರ ಮೇ ೧೫ರಂದು, ನ್ಯೂಯಾರ್ಕ್ ನಗರದ ಒಂದು ಯೆಹೂದಿ ಮನೆತನದಲ್ಲಿ. ತಂದೆ ರಷ್ಯದಿಂದ ವಲಸೆ ಬಂದವನು. ಹೆಂಗಸರ ಉಡುಪುಗಳ ಅಂಗಡಿಯನ್ನಿಟ್ಟಿದ್ದನು. ತಾಯಿಯ ತವರಿನವರದೂ ಉಡುಪು ತಯಾರಿಸುವ ಉದ್ಯೋಗವೇ. ಹೀಗೆ ಬಟ್ಟೆಯ ನಯ, ನೆರಿಗೆ, ಅಂದಗಳ ಮಾತು ಬಾಲಕನ ಕಿವಿಗೆ ಮೊದಲಿನಿಂದಲೇ ಬಿದ್ದಿತು. ಹನ್ನೆರಡನೆಯ ವಯಸ್ಸಿನಲ್ಲಿ ಆತನು ಪೆಟ್ಟಿಗೆಯಂಥ ಒಂದು ಸಣ್ಣ ಕೊಡಕ್ ಕ್ಯಾಮರಾವನ್ನು ಹಿಡಿದು ಹುಡುಗರ ಕ್ಯಾಮರಾ ಸಂಘವನ್ನು ಸೇರಿದನು. ಆ ದಿನಗಳ ಕಥೆಯೊಂದನ್ನು ಆತನೇ ಹೇಳುತ್ತಿದ್ದುದುಂಟು. ತಂಗಿ ಲೂಯಿಸಳ ಚಿತ್ರದ ನೆಗೆಟಿವನ್ನು ಮೈಗೆ ಅಂಟಿಸಿಕೊಂಡು ಬಿಸಿಲಿನಲ್ಲಿ ಕುಳಿತನಂತೆ. ಅದನ್ನು ಕಿತ್ತು ನೋಡಿದರೆ ತಂಗಿಯ ಮುಖವು ಚರ್ಮದ ಮೇಲೆ ಮೂಡಿತ್ತಂತೆ! ನೆಗೆಟಿವಿನಲ್ಲಿ ತಿಳಿಯಾದ ಭಾಗದ ಮೂಲಕ ಬಿಸಿಲು ಹಾಯ್ದು ಚರ್ಮವನ್ನು ಕಪ್ಪಾಗಿಸುತ್ತದೆ, ದಟ್ಟವಾದ ಭಾಗವು ಬಿಸಿಲನ್ನು ತಡೆಯುತ್ತದೆ. ಕತ್ತಲೆ ಕೋಣೆಯಲ್ಲಿ ಕಾಗದದ ಮೇಲೆ ಚಿತ್ರವನ್ನು ಇಳಿಸುವುದೂ ಇದೇ ತತ್ತ್ವದಿಂದಲೇ. ಆ ತಂಗಿಯೇ ಆತನ ಮೊದಲ ರೂಪದರ್ಶಿ. ಬಹಳ ಚೆಲುವೆಯಾದ ಆಕೆ ಮುಂದೆ ಮನೋರೋಗಕ್ಕೆ ತುತ್ತಾಗಿ, ಆಸ್ಪತ್ರೆಯಲ್ಲಿಯೇ ನಲವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. ಚೆಲುವಾದ ಮುಖದ ಹಿಂದೆ ಏನಿರಬಹುದೆಂಬ ಕಳವಳವು ಆವೆಡನ್ನನನ್ನು ಕೊನೆಯವರೆಗೂ ಬಿಡದಿದ್ದುದಕ್ಕೆ ಇದೂ ಒಂದು ಕಾರಣವೆಂದು ಊಹಿಸಿದರೆ ತಪ್ಪಾಗಲಾರದು.

ಶಾಲಾ ಪತ್ರಿಕೆಯನ್ನು ಓದುತ್ತಿರುವ ನಿಮಗೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ನ್ಯೂಯಾರ್ಕಿನ ಡೆವಿಟ್ ಕ್ಲಿಂಟನ್ ಪ್ರೌಢಶಾಲೆಯಿಂದ 'ದಿ ಮ್ಯಾಗ್‌ಪೈ' ಎಂಬ ವಿದ್ಯಾರ್ಥಿ ಪತ್ರಿಕೆಯೊಂದು ಹೊರಡುತ್ತಿತ್ತು. ಅದರ ಸಂಪಾದಕ ಹುಡುಗರಲ್ಲಿ ಒಬ್ಬನು ಆವೆಡನ್, ಇನ್ನೊಬ್ಬನು ನೀಗ್ರೋಗಳ ಕೇರಿಯಾದ ಹಾರ್ಲೆಮಿನಿಂದ ಬರುತ್ತಿದ್ದ ಜೇಮ್ಸ್ ಬಾಲ್ಡ್ವಿನ್. ಎರಡನೆಯವನು ಮುಂದೆ ಅಮೆರಿಕದ ಶ್ರೇಷ್ಠ ಗದ್ಯ ಲೇಖಕರಲ್ಲಿ ಒಬ್ಬನಾದನು. ಮೊದಲನೆಯವನಿಗೂ ಆಗ ಕವಿಯಾಗುವ ಆಸೆಯೇ ಇತ್ತು. ೧೯೪೧ರಲ್ಲಿ ನಗರದ ಪ್ರೌಢಶಾಲೆಗಳ ಕವಿಯೆಂಬ ಮನ್ನಣೆಯೂ ಆತನಿಗೆ ದೊರೆತಿತ್ತು. ಆದರೆ ಯುದ್ಧಕಾಲ, ೧೯೪೨ರಲ್ಲಿ ಆತನು ವ್ಯಾಪಾರಿ ನೌಕಾದಳವನ್ನು ಸೇರಬೇಕಾಯಿತು. ಹೊರಡುವಾಗ ತಂದೆಯು ಒಂದು ರೋಲಿಫ್ಲೆಕ್ಸ್ ಕ್ಯಾಮರಾವನ್ನು ಉಡುಗೊರೆಯಾಗಿ ಕೊಟ್ಟನು. ಅಲ್ಲಿ ಈತನ ಪಾಲಿಗೆ ಬಂದದ್ದು ನಾವಿಕರ ಗುರುತಿನ ಚೀಟಿಗಳಿಗೆ ಚಿತ್ರ ತೆಗೆಯುವ ಕೆಲಸ. ಒಬ್ಬನು ಬಂದು ನಿಲ್ಲುವನು, ಹೋಗುವನು, ಮತ್ತೊಬ್ಬನು ಬರುವನು. ಬೇಸರದ ಕೆಲಸವೆಂದು ನಮಗೆ ತೋರಬಹುದು. ತಾನು ಛಾಯಾಚಿತ್ರಕಾರನಾಗುತ್ತಿದ್ದೇನೆಂಬ ಅರಿವು ಮೂಡುವ ಹೊತ್ತಿಗೆ ಒಂದು ಲಕ್ಷ ಮುಖಗಳನ್ನಾದರೂ ತೆಗೆದಿರಬೇಕೆಂದು ಆವೆಡನ್ ಮುಂದೊಮ್ಮೆ ಹೇಳಿಕೊಂಡನು. ಬರಿಯ ಹಿನ್ನೆಲೆ, ಎದುರಿಗೆ ನೆಟ್ಟ ನೋಟ: ಆತನ ಪ್ರೌಢಕಲೆಯ ಬೇರು ಈ ಗುರುತಿನ ಚೀಟಿಗಳಲ್ಲಿಯೇ ಇದೆ.

ದಳದಿಂದ ಹಿಂದಿರುಗಿದ ಮೇಲೆ ಆವೆಡನ್ ಅಲೆಕ್ಸಿ ಬ್ರೊಡೊವಿಚ್ ಎಂಬ ಕಲಾನಿರ್ದೇಶಕನ ಶಿಷ್ಯನಾದನು. 'ಹಾರ್ಪರ್ಸ್ ಬಜಾರ್' ಎಂಬ ಹೆಸರಾಂತ ಉಡುಪಿನ ಪತ್ರಿಕೆಗೆ ರೂಪ ಕೊಡುತ್ತಿದ್ದವನು ಈ ಬ್ರೊಡೊವಿಚ್. ಗುರುವಿನ ಮೂಲಕ ಶಿಷ್ಯನಿಗೂ ಅಲ್ಲಿ ಪ್ರವೇಶ ದೊರೆಯಿತು. ೧೯೪೫ರಿಂದ ಇಪ್ಪತ್ತು ವರ್ಷ ಆತನು ಆ ಪತ್ರಿಕೆಗೆ ದುಡಿದನು. ಸಂಪಾದಕಿ ಕಾರ್ಮೆಲ್ ಸ್ನೋ ೧೯೪೭ರಲ್ಲಿ ಆತನನ್ನು ಪ್ಯಾರಿಸಿಗೆ ಕಳುಹಿಸಿದಳು. ಯುದ್ಧದಿಂದ ಬಳಲಿದ ಆ ನಗರದಲ್ಲಿ ಕ್ರಿಸ್ತಿಯಾನ್ ಡಿಯೋರ್ ಎಂಬ ಉಡುಪು ವಿನ್ಯಾಸಕನು ನಡು ಸಣ್ಣ, ಘೇರು ದೊಡ್ಡದಾದ ಹೊಸ ಬಗೆಯ ಉಡುಪುಗಳನ್ನು ಆ ವರ್ಷವಷ್ಟೆ ಹೊರತಂದಿದ್ದನು. ಅಂದಿನ ರೂಪದರ್ಶಿಗಳು ಸಾಮಾನ್ಯವಾಗಿ ಅಂಗಡಿಯ ಗೊಂಬೆಗಳಂತೆ ಅಲುಗಾಡದೆ ನಿಲ್ಲುತ್ತಿದ್ದರು. ಆವೆಡನ್ ಅವರನ್ನು ಬೀದಿಗೆ, ಕಾಫಿಯ ಅಂಗಡಿಗೆ ಕರೆತಂದನು. ನಡೆಸಿದನು, ನೆಗೆಸಿದನು, ನಗಿಸಿದನು. ಇದನ್ನು ಆತನೇ ಮೊಟ್ಟಮೊದಲು ಮಾಡಿದನೆಂದು ಹೇಳುವುದು ಮಾತ್ರ ನ್ಯಾಯವಲ್ಲ. ಹಂಗೆರಿಯ ಮಾರ್ಟಿನ್ ಮುಂಕಾಚಿ ಎಂಬವನು ಅದಕ್ಕಿಂತ ಮೊದಲೇ ಅದೇ ಪತ್ರಿಕೆಯಲ್ಲಿ ಓಡುವ ಹೆಣ್ಣುಗಳನ್ನು ಚಿತ್ರಿಸಿದ್ದನು. ಬಾಲಕ ಆವೆಡನ್ ಆ ಚಿತ್ರಗಳನ್ನು ನೋಡಿಯೇ ಬೆಳೆದವನು.

ಈ ಕಾಲದ ಚಿತ್ರಗಳಲ್ಲೆಲ್ಲ ಹೆಸರಾದುದು ೧೯೫೫ರ ಆನೆಗಳ ಚಿತ್ರ. ಪ್ಯಾರಿಸಿನ ಒಂದು ಸರ್ಕಸ್ಸಿನ ಕಟ್ಟಡ. ಸಾಲಾಗಿ ಆನೆಗಳು. ಅವುಗಳ ನಡುವೆ ಕರಿಯ ಮಖಮಲ್ಲಿನ ನಿಲುವಂಗಿಯನ್ನು ತೊಟ್ಟು, ಬಿಳಿಯ ನಡುಕಟ್ಟಿನ ಸೆರಗನ್ನು ಇಳಿಬಿಟ್ಟು, ತೋಳುಗಳನ್ನು ಚಾಚಿ ನಿಂತ ಡೊವೀಮಾ ಎಂಬ ರೂಪದರ್ಶಿ. ಡೊರೊಥಿ, ವರ್ಜೀನಿಯಾ, ಮಾರ್ಗರೆಟ್ ಎಂಬ ತನ್ನ ಮೂರು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಆಕೆ ಈ ಹೆಸರನ್ನು ಕಟ್ಟಿಕೊಂಡಿದ್ದಳು. ಒಂದೆಡೆ ಸುಕ್ಕುಗಟ್ಟಿದ ಒರಟು ಚರ್ಮ, ಇನ್ನೊಂದೆಡೆ ನುಣುಪಾದ ಬಟ್ಟೆ. ಒಂದೆಡೆ ಭಾರ, ಇನ್ನೊಂದೆಡೆ ಹಗುರ. ಈ ವಿರೋಧವೇ ಚಿತ್ರದ ಸೊಬಗು. ಆದರೆ ಚಿತ್ರದ ಕೆಳಭಾಗವನ್ನೂ ನೋಡಬೇಕು. ಆನೆಗಳ ಕಾಲಿಗೆ ಸರಪಳಿಯಿದೆ. ಅದನ್ನು ಆವೆಡನ್ ಮರೆಮಾಡಲಿಲ್ಲ. ಈ ಚಿತ್ರದ ಒಂದು ಪ್ರತಿಯು ೨೦೧೦ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ೮,೪೧,೦೦೦ ಯೂರೋಗಳಿಗೆ ಮಾರಾಟವಾಯಿತು. ತೆಗೆದವನಿಗೆ ಮಾತ್ರ ಪೂರ್ಣ ತೃಪ್ತಿಯಿರಲಿಲ್ಲ. ಆ ನಡುಕಟ್ಟಿನ ಸೆರಗು ಎಡಕ್ಕೆ ಹಾರುವಂತೆ ಏಕೆ ಮಾಡಲಿಲ್ಲವೆಂದು ವರ್ಷಗಳ ನಂತರವೂ ಆತನು ಕೊರಗುತ್ತಿದ್ದನು.

ಕೀರ್ತಿಯು ಬಹುಬೇಗನೆ ಬಂದಿತು. ೧೯೫೭ರಲ್ಲಿ 'ಫನ್ನಿ ಫೇಸ್' ಎಂಬ ಚಲಚ್ಚಿತ್ರದಲ್ಲಿ ಫ್ರೆಡ್ ಆಸ್ಟೇರ್ ನಟಿಸಿದ ಛಾಯಾಚಿತ್ರಕಾರನ ಪಾತ್ರಕ್ಕೆ ಆವೆಡನ್ನನೇ ಮಾದರಿಯಾದನು. ಆ ಕೀರ್ತಿಯನ್ನು ಆತನು ಒಳ್ಳೆಯದಕ್ಕೆ ಬಳಸಿದ ಒಂದು ಸಂದರ್ಭವನ್ನು ನೆನೆಯಬೇಕು. ಆ ಕಾಲದ ಇಂಥ ಪತ್ರಿಕೆಗಳ ಪುಟಗಳಲ್ಲಿ ಬಿಳಿಯ ಹೆಣ್ಣುಗಳಿಗಷ್ಟೆ ಸ್ಥಾನವಿತ್ತು. ಶಾಂಘೈಯಲ್ಲಿ ಹುಟ್ಟಿದ ಚೈನಾ ಮಷಾಡೊ ಎಂಬಾಕೆಯ ಚಿತ್ರಗಳನ್ನು ಆತನು ತೆಗೆದಾಗ ಪತ್ರಿಕೆಯವರು ಅಚ್ಚುಹಾಕಲು ಹಿಂಜರಿದರು. ಹಾಗಾದರೆ ತಾನು ಒಪ್ಪಂದವನ್ನು ಮುಂದುವರಿಸುವುದಿಲ್ಲವೆಂದು ಆವೆಡನ್ ಪಟ್ಟುಹಿಡಿದನೆಂದು ಆಕೆ ಮುಂದೆ ತಿಳಿಸಿದಳು. ಚಿತ್ರಗಳು ೧೯೫೯ರಲ್ಲಿ ಪ್ರಕಟವಾದವು.

ಇನ್ನು ಆತನ ಭಾವಚಿತ್ರಗಳ ವಿಚಾರ. ಹೆಸರಾಂತ ನಟನಟಿಯರು, ಲೇಖಕರು, ರಾಜಕಾರಣಿಗಳು ಆತನ ಕ್ಯಾಮರಾದ ಮುಂದೆ ಬಂದು ನಿಂತರು. ಹೆಸರಾಂತವರ ತೊಡಕೆಂದರೆ ಅವರ ಮುಖವು ಅವರಿಗೆ ಚೆನ್ನಾಗಿ ಬಾಯಿಪಾಠವಾಗಿರುತ್ತದೆ. ಕ್ಯಾಮರಾವನ್ನು ಕಂಡೊಡನೆ ಒಪ್ಪಿಸಿಬಿಡುತ್ತಾರೆ. ಆ ಪಾಠವನ್ನು ಮರೆಸುವುದು ಹೇಗೆ? ೧೯೫೭ರ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆತನ ಎರಡು ದಾರಿಗಳು ತಿಳಿಯುತ್ತವೆ.

ಮೊದಲನೆಯದು ವಿಂಡ್ಸರಿನ ಡ್ಯೂಕ್ ದಂಪತಿಗಳದು. ಈ ಡ್ಯೂಕನೆಂದರೆ ೧೯೩೬ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನು ತ್ಯಜಿಸಿದ ಎಂಟನೆಯ ಎಡ್ವರ್ಡ್. ದಂಪತಿಗಳು ಎಂದಿನ ರಾಜಯೋಗ್ಯ ಮಂದಹಾಸವನ್ನು ಧರಿಸಿ ನಿಂತರು. ಅವರಿಗೆ ನಾಯಿಗಳೆಂದರೆ ಪ್ರಾಣವೆಂಬುದು ಆವೆಡನ್ನನಿಗೆ ಗೊತ್ತು. ದಾರಿಯಲ್ಲಿ ತಾನು ಬಂದ ಟ್ಯಾಕ್ಸಿಯು ಒಂದು ನಾಯಿಯ ಮೇಲೆ ಹರಿಯಿತೆಂದು ಸುಳ್ಳು ಹೇಳಿದನು! ಇಬ್ಬರ ಮುಖಗಳೂ ಬಾಡಿದವು. ಆ ಕ್ಷಣವೇ ಚಿತ್ರವಾಯಿತು. ಬಳಲಿದ, ವ್ಯಥೆಪಟ್ಟ ಇಬ್ಬರು ವೃದ್ಧರು ಅದರಲ್ಲಿದ್ದಾರೆ. ಸುಳ್ಳು ಹೇಳಿ ಹಿಡಿದ ಸತ್ಯವು ಸತ್ಯವೆ? ಚಿತ್ರವು ಮರೆಯಲಾಗದ್ದೆಂಬುದನ್ನು ಒಪ್ಪುತ್ತೇನೆ, ಆ ಉಪಾಯವನ್ನು ಮೆಚ್ಚಲಾರೆ. ಕರೆಸಿಕೊಂಡು ನಂಬಿ ನಿಂತವರನ್ನು ಕೆಣಕಿ ತೆಗೆದ ಮುಖವದು.

ಎರಡನೆಯದು ಮೆರಿಲಿನ್ ಮನ್ರೋ ಎಂಬ ಚಿತ್ರತಾರೆಯದು. ಆಕೆ ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಕುಣಿದಳು, ಹಾಡಿದಳು, ಜಗತ್ತಿಗೆ ಪರಿಚಿತಳಾದ ಮೆರಿಲಿನ್ ಆಗಿ ಮೆರೆದಳು. ಎಲ್ಲವೂ ಮುಗಿದ ಮೇಲೆ ಒಂದು ಮೂಲೆಯಲ್ಲಿ ಮಗುವಿನಂತೆ ಸುಮ್ಮನೆ ಕುಳಿತುಬಿಟ್ಟಳು. ಆಕೆಗೆ ತಿಳಿಯದಂತೆ ಚಿತ್ರ ತೆಗೆಯಲು ಆವೆಡನ್ನನಿಗೆ ಮನಸ್ಸಾಗಲಿಲ್ಲ. ಕ್ಯಾಮರಾವನ್ನು ಹಿಡಿದು ಕಾಣುವಂತೆಯೇ ಹತ್ತಿರ ಬಂದನು, ಆಕೆ ಬೇಡವೆನ್ನಲಿಲ್ಲ. ನಗೆಯಿಲ್ಲದ, ಎಲ್ಲಿಯೋ ನೆಟ್ಟ ಕಣ್ಣುಗಳ ಆ ಚಿತ್ರವನ್ನು ನೋಡಿದವರು ಆಕೆಯ ಉಳಿದ ನೂರಾರು ಚಿತ್ರಗಳನ್ನು ಮರೆಯುತ್ತಾರೆ. ಇಲ್ಲಿ ಕೇಳುವುದೂ ಇತ್ತು, ಕೊಡುವುದೂ ಇತ್ತು.

೧೯೬೪ರಲ್ಲಿ ಶಾಲೆಯ ಹಳೆಯ ಗೆಳೆಯರಿಬ್ಬರೂ ಮತ್ತೆ ಕೂಡಿದರು. ಆವೆಡನ್ನನ ಚಿತ್ರಗಳು, ಬಾಲ್ಡ್ವಿನ್ನನ ಬರಹ: 'ನಥಿಂಗ್ ಪರ್ಸನಲ್' ಎಂಬ ಪುಸ್ತಕವು ಹೊರಬಂದಿತು. ಕರಿಯರು ಸಮಾನ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಕಾಲವದು. ಗುಲಾಮನಾಗಿ ಹುಟ್ಟಿದ್ದ ವಿಲಿಯಂ ಕ್ಯಾಸ್ಬಿ ಎಂಬ ವೃದ್ಧನ ಮುಖವು ಅದರಲ್ಲಿದೆ. ೧೯೬೩ರಲ್ಲಿ ತೆಗೆದ ಈ ಚಿತ್ರದಲ್ಲಿ ಮುಖವಲ್ಲದೆ ಬೇರೇನೂ ಇಲ್ಲ. ಇತಿಹಾಸದ ಪುಸ್ತಕದಲ್ಲಿ ಗುಲಾಮಗಿರಿಯ ಪಾಠವನ್ನು ಓದಿದವರು ಈ ಮುಖವನ್ನು ಒಮ್ಮೆ ನೋಡಬೇಕು.

ಈ ಹೊತ್ತಿಗೆ ಬಿಳಿಯ ಹಿನ್ನೆಲೆಯು ಆವೆಡನ್ನನ ಗುರುತೇ ಆಗಿತ್ತು. ಪರದೆಯಿಲ್ಲ, ಕುರ್ಚಿಯಿಲ್ಲ, ಪುಸ್ತಕದ ಕಪಾಟಿಲ್ಲ. ಇವುಗಳಿದ್ದರೆ ನೋಡುವವನು ಅವುಗಳಿಂದ ವ್ಯಕ್ತಿಯ ಅಂತಸ್ತನ್ನು ಅಳೆಯುತ್ತಾನೆ. ಬಿಳಿಯ ಬಯಲಿನಲ್ಲಿ ನಿಂತವನಿಗೆ ಒರಗಲು ಏನೂ ಇಲ್ಲ. ಹಿಂದಿನ ಸಣ್ಣ ಕ್ಯಾಮರಾವನ್ನು ಬಿಟ್ಟು, ಎಂಟು ಅಂಗುಲಕ್ಕೆ ಹತ್ತು ಅಂಗುಲದ ಫಿಲಂ ಹಾಳೆಯನ್ನು ಹಿಡಿಯುವ, ಕಾಲುಮಣೆಯ ಮೇಲೆ ನಿಲ್ಲಿಸುವ ದೊಡ್ಡ ಮರದ ಕ್ಯಾಮರಾವನ್ನೂ ಆತನು ಹಿಡಿದನು. ಸಣ್ಣದರಲ್ಲಿ ತಲೆ ತಗ್ಗಿಸಿ ಕ್ಯಾಮರಾದೊಳಗೆ ನೋಡಬೇಕು. ದೊಡ್ಡದರಲ್ಲಿ ಸಹಾಯಕರು ಹಾಳೆಗಳನ್ನು ತುಂಬಿಕೊಡುತ್ತಿದ್ದರು, ತಾನು ಮಸೂರದ ಪಕ್ಕದಲ್ಲಿ ನಿಂತು ಎದುರಿನವರನ್ನು ಬರಿಗಣ್ಣಿನಿಂದ ನೋಡುತ್ತಿದ್ದನು. ಚಿತ್ರವನ್ನು ಮುದ್ರಿಸುವಾಗ ಫಿಲಮಿನ ಕರಿಯ ಅಂಚನ್ನೂ ಉಳಿಸುತ್ತಿದ್ದನು, ಏನನ್ನೂ ಕತ್ತರಿಸಿಲ್ಲವೆಂಬುದಕ್ಕೆ ಸಾಕ್ಷಿಯಾಗಿ.

ಆತನ ಅತ್ಯಂತ ಕಠಿಣವಾದ ಚಿತ್ರಗಳು ತಂದೆಯವು. ಅಂಗಡಿಯಿಟ್ಟಿದ್ದ, ಕ್ಯಾಮರಾ ಕೊಡಿಸಿದ್ದ ಅದೇ ತಂದೆ ಅರ್ಬುದ ರೋಗಕ್ಕೆ ತುತ್ತಾಗಿದ್ದನು. ೧೯೬೯ರಿಂದ ೧೯೭೩ರಲ್ಲಿ ತಂದೆಯು ತೀರಿಕೊಳ್ಳುವವರೆಗೆ ಮಗನು ಆ ಮುಖವನ್ನು ಮತ್ತೆ ಮತ್ತೆ ಚಿತ್ರಿಸಿದನು. ಮೊದಲ ಚಿತ್ರಗಳಲ್ಲಿ ಕೋಟು ತೊಟ್ಟ ಗಂಭೀರ ಯಜಮಾನ. ಕೊನೆಯವುಗಳಲ್ಲಿ ಆಸ್ಪತ್ರೆಯ ಅಂಗಿ, ಗುಳಿಬಿದ್ದ ಕೆನ್ನೆ, ಬೆದರಿದ ಕಣ್ಣು. ೧೯೭೪ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಇವುಗಳ ಪ್ರದರ್ಶನವಾದಾಗ, ಮಗನು ಹೀಗೆ ಮಾಡಬಹುದೆ ಎಂದು ಕೇಳಿದವರುಂಟು. ನನಗಂತೂ ಅವುಗಳಲ್ಲಿ ಕ್ರೌರ್ಯವು ಕಾಣುವುದಿಲ್ಲ. ಹಾಸಿಗೆ ಹಿಡಿದ ತಂದೆಯಿಂದ ಕಣ್ಣು ತಪ್ಪಿಸದೆ ಕುಳಿತಿರುವುದು ಎಷ್ಟು ಮಕ್ಕಳಿಗೆ ಸಾಧ್ಯವಾಗುತ್ತದೆ?

೧೯೬೬ರಲ್ಲಿಯೇ ಆತನು 'ವೋಗ್' ಪತ್ರಿಕೆಗೆ ಹೋಗಿದ್ದನು. ಉಡುಪಿನ ಚಿತ್ರಗಳೂ ಜಾಹೀರಾತುಗಳೂ ಕೈತುಂಬ ಹಣ ತರುತ್ತಿದ್ದವು. ಇದರ ನಡುವೆಯೇ ಟೆಕ್ಸಸ್ಸಿನ ಏಮನ್ ಕಾರ್ಟರ್ ಸಂಗ್ರಹಾಲಯದ ಆಮಂತ್ರಣದ ಮೇಲೆ ೧೯೭೯ರಿಂದ ೧೯೮೪ರವರೆಗೆ ಅಮೆರಿಕದ ಪಶ್ಚಿಮ ಪ್ರಾಂತಗಳನ್ನು ಸುತ್ತಿದನು. ಚಿತ್ರತಾರೆಯರ ಛಾಯಾಚಿತ್ರಕಾರನು ಅಲ್ಲಿ ಹುಡುಕಿದ್ದು ಕಲ್ಲಿದ್ದಲಿನ ಗಣಿಗಾರರನ್ನು, ಎಣ್ಣೆಬಾವಿಯ ಕೂಲಿಗಳನ್ನು, ಕಸಾಯಿಖಾನೆಯ ಆಳುಗಳನ್ನು, ಊರಿಲ್ಲದ ಅಲೆಮಾರಿಗಳನ್ನು. ನೆರಳಿರುವ ಗೋಡೆಗೆ ದೊಡ್ಡದೊಂದು ಬಿಳಿಯ ಕಾಗದವನ್ನು ಅಂಟಿಸಿ ಅದರ ಮುಂದೆ ಅವರನ್ನು ನಿಲ್ಲಿಸಿದನು. ೭೫೨ ಜನರನ್ನು ಚಿತ್ರಿಸಿದನು. ಸುಮಾರು ೧೭,೦೦೦ ಫಿಲಂ ಹಾಳೆಗಳು ಖರ್ಚಾದವು. ನಿಮ್ಮ ವಯಸ್ಸಿನವನೇ ಆದ ಹದಿಮೂರು ವರ್ಷದ ಹುಡುಗನೊಬ್ಬನು ಚರ್ಮ ಸುಲಿದ ಬುಡುಬುಡಿಕೆ ಹಾವನ್ನು ಎರಡು ಕೈಗಳಲ್ಲಿ ಎತ್ತಿಹಿಡಿದಿದ್ದಾನೆ. ಹಾವು ಹಿಡಿಯುವ ಜಾತ್ರೆಯಲ್ಲಿ ಅವುಗಳನ್ನು ಸುಲಿಯುವುದು ಆತನ ಕೆಲಸವಾಗಿತ್ತು. ಬರಿಮೈಯ ಜೇನುಸಾಕಣೆಗಾರನೊಬ್ಬನ ಮೈಮೇಲೆ ಜೇನುಹುಳುಗಳು ಹರಿದಾಡುತ್ತಿವೆ, ಆತನು ಮಾತ್ರ ಮುನಿಯಂತೆ ನಿಂತಿದ್ದಾನೆ. ಈ ಚಿತ್ರವು ಆಕಸ್ಮಿಕವಲ್ಲ. ಮೊದಲೇ ಯೋಚಿಸಿ, ಕೀಟಶಾಸ್ತ್ರಜ್ಞನ ನೆರವಿನಿಂದ ರಾಣಿಹುಳುವಿನ ಗಂಧದ್ರವ್ಯವನ್ನು ಮೈಗೆ ಬಳಿದು ತೆಗೆದದ್ದು.

೧೯೮೫ರಲ್ಲಿ ಇವು ಆಳೆತ್ತರವನ್ನೂ ಮೀರಿದ ಪ್ರತಿಗಳಾಗಿ ಪ್ರದರ್ಶಿತವಾದವು. ಶ್ರೀಮಂತ ನಗರದವನೊಬ್ಬನು ಬಡವರ ದೈನ್ಯವನ್ನು ಮಾರುತ್ತಿದ್ದಾನೆಂದು ಕೆಲವರು ಜರೆದರು. ಪಶ್ಚಿಮವೆಂದರೆ ಕುದುರೆಯೇರಿದ ವೀರರೆಂದು ನಂಬಿದ್ದವರಿಗೂ ಸಿಟ್ಟು ಬಂದಿತು. ಇದು ತಾನು ಕಂಡ, ತಾನು ಕಲ್ಪಿಸಿದ ಪಶ್ಚಿಮವೆಂದು ಆವೆಡನ್ ತಾನೇ ಒಪ್ಪಿಕೊಂಡಿದ್ದನು. ಜರೆದವರ ಮಾತಿನಲ್ಲಿ ಹುರುಳಿಲ್ಲದಿಲ್ಲ: ನಗುವ ಗಣಿಗಾರರೂ ಅಲ್ಲಿದ್ದಿರಲೇಬೇಕು, ಆ ಸರಣಿಯಲ್ಲಿ ಅವರು ಹೆಚ್ಚಾಗಿ ಕಾಣುವುದಿಲ್ಲ. ಆದರೂ ಡ್ಯೂಕನನ್ನು ನಿಲ್ಲಿಸಿದಂಥದೇ ಬಿಳಿಯ ಹಿನ್ನೆಲೆಯ ಮುಂದೆ ಮಸಿಹಿಡಿದ ಕೂಲಿಯವನನ್ನೂ ನಿಲ್ಲಿಸಿ, ಅಷ್ಟೇ ಕಾಲ, ಅಷ್ಟೇ ಶ್ರದ್ಧೆಯಿಂದ ನೋಡಿದುದನ್ನು ನಾವು ಅಲ್ಲಗಳೆಯುವಂತಿಲ್ಲ.

೧೯೯೨ರಲ್ಲಿ 'ದಿ ನ್ಯೂಯಾರ್ಕರ್' ವಾರಪತ್ರಿಕೆಯು ಆತನನ್ನು ತನ್ನ ಮೊದಲ ಛಾಯಾಚಿತ್ರಕಾರನಾಗಿ ನೇಮಿಸಿಕೊಂಡಿತು. ೨೦೦೪ರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆ ಬಂದಾಗ, ಎಂಬತ್ತೊಂದು ವರ್ಷದ ಆವೆಡನ್ ಅದೇ ಪತ್ರಿಕೆಗಾಗಿ 'ಪ್ರಜಾಪ್ರಭುತ್ವ' ಎಂಬ ಚಿತ್ರಮಾಲೆಯನ್ನು ಕೈಗೊಂಡು ಮತ್ತೆ ದೇಶವನ್ನು ಸುತ್ತತೊಡಗಿದನು. ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದಲ್ಲಿ ಕೆಲಸದ ನಡುವೆ ಮಿದುಳಿನಲ್ಲಿ ರಕ್ತಸ್ರಾವವಾಗಿ, ಅಕ್ಟೋಬರ್ ೧ರಂದು ಆತನು ತೀರಿಕೊಂಡನು. ಅದುವರೆಗೆ ತೆಗೆದಿದ್ದ ಚಿತ್ರಗಳನ್ನು ಪತ್ರಿಕೆಯು, ಮುಗಿಯದ ಆ ಮಾಲೆಯನ್ನು ಮುಗಿಯದಂತೆಯೇ, ಮುಂದಿನ ತಿಂಗಳು ಪ್ರಕಟಿಸಿತು.